ಜಾಮೀನುದಾರರಿಲ್ಲದ ಸಾಲ

ಅಮೆರಿಕದಲ್ಲಿ ಎಂ.ಎಸ್. ಓದಲು ಬರುವಾಗ ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರಕ್ಕಾಗಿ ಮೊದಲ ವರ್ಷದ ಖರ್ಚಿನ ಹಣವನ್ನು ತೋರಿಸಿದ್ದೆವು. ಎರಡನೆಯ ವರ್ಷದ್ದನ್ನು ಅಲ್ಲಿ ಹೋಗಿ ನೋಡಿಕೊಂಡರಾಯಿತು ಎಂದುಕೊಂಡಿದ್ದೆವು. ಹಾಗೆ ನೋಡಿಕೊಳ್ಳಲು ಕುಳಿತ ರಾತ್ರಿ, ಖಾಸಗಿ ಸಾಲವೊಂದರ ಅರ್ಜಿಯಲ್ಲಿ ಹೆಸರು, ವಿಳಾಸ, ಕೋರ್ಸು ಎಲ್ಲವನ್ನೂ ತುಂಬಿ ಮೂರನೆಯ ಪುಟಕ್ಕೆ ಬಂದಾಗ ಕೆಂಪು ನಕ್ಷತ್ರದ ಗುರುತಿದ್ದ ಒಂದು ಖಾಲಿ ಚೌಕ ನನ್ನನ್ನು ತಡೆಯಿತು: ಕೋ-ಸೈನರ್ ಅವರ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಅಂದರೆ ಸಾಲಕ್ಕೆ ನನ್ನ ಜೊತೆ ಸಹಿ ಹಾಕುವವರ ಅಮೆರಿಕದ ಗುರುತಿನ ಸಂಖ್ಯೆ. ಅದನ್ನು ತುಂಬದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ.

ನಮ್ಮಲ್ಲಿ ಶ್ಯೂರಿಟಿ ಹಾಕುವುದು ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಇದು, ಆದರೆ ಹಿಡಿತ ಇನ್ನೂ ಬಿಗಿ. ಸಹಿ ಹಾಕಿದವರೂ ಸಾಲಗಾರರೇ ಆಗುತ್ತಾರೆ; ಅಷ್ಟೂ ಸಾಲ ಅವರ ಸಾಲದ ಚರಿತ್ರೆ ಹೇಳುವ ಕ್ರೆಡಿಟ್ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ, ನಾನು ಒಂದು ಕಂತು ತಪ್ಪಿಸಿದರೆ ಅವರ ಕ್ರೆಡಿಟ್ ಅಂಕವೂ ಬೀಳುತ್ತದೆ. ಅಲ್ಲದೆ ಅವರು ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಹೊಂದಿದವರೋ ಆಗಿರಬೇಕು. ನನ್ನ ಬಳಗದಲ್ಲಿ ಅಂಥವರು ಒಬ್ಬರೇ, ನ್ಯೂಜೆರ್ಸಿಯಲ್ಲಿದ್ದ ದೊಡ್ಡಮ್ಮನ ಮಗ. ಫೋನ್ ಮಾಡಿದೆ. "ಬೇಜಾರ್ ಮಾಡ್ಕೋಬೇಡ ಕಣೋ, ಈಗ ತಾನೇ ಮನೆ ಸಾಲಕ್ಕೆ ಅರ್ಜಿ ಹಾಕಿದೀನಿ" ಎಂದರು ಅಣ್ಣ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆಮೇಲೆ ಒಂದೆರಡು ತಿಂಗಳು ನಾವಿಬ್ಬರೂ ಪರಸ್ಪರ ಫೋನ್ ಮಾಡುವುದನ್ನು ತಪ್ಪಿಸುತ್ತಿದ್ದೆವು.

ಇಲ್ಲಿಯ ಸರ್ಕಾರದ ಸಾಲಕ್ಕೆ ಜಾಮೀನು ಬೇಕಿಲ್ಲ ಎಂದು ಊರಿನಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ಅದು ನಿಜ, ಆದರೆ ಅದು ಇಲ್ಲಿಯ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ಇನ್ನು ಕೆಲವೇ ವರ್ಗದವರಿಗೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದ ನಮಗಲ್ಲ. ಅದೇ ಅಣ್ಣನ ಮಗಳು ಪದವಿಗೆ ಸೇರಿದಾಗ ಸರ್ಕಾರದ ನೆರವು ಕೋರುವ ಫಾಫ್ಸಾ ಅರ್ಜಿಯಲ್ಲಿ ತಂದೆ ತಾಯಿಯ ಆದಾಯದ ವಿವರ ಕೊಟ್ಟರೇ ಹೊರತು, ಅವಳ ಸಾಲಕ್ಕೆ ಯಾರೂ ಹೊಣೆ ಹೊರಬೇಕಾಗಲಿಲ್ಲ, ಹದಿನೆಂಟರ ಹುಡುಗಿಯ ಕ್ರೆಡಿಟ್ ಇತಿಹಾಸವನ್ನೂ ಯಾರೂ ಕೇಳಲಿಲ್ಲ. ಆದರೆ ಆ ಸಾಲ ಚಿಕ್ಕದು: ಹೆತ್ತವರ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ 5,500 ಡಾಲರ್, ಎರಡನೆಯ ವರ್ಷ 6,500, ಅಲ್ಲಿಂದ ಮುಂದೆ ವರ್ಷಕ್ಕೆ 7,500, ಒಟ್ಟು ಮಿತಿ 31,000. ಅನೇಕ ಕಾಲೇಜುಗಳಲ್ಲಿ ಇದು ಒಂದು ವರ್ಷದ ಶುಲ್ಕಕ್ಕೂ ಸಾಲದು. ಉಳಿದದ್ದಕ್ಕೆ ಹೆತ್ತವರೋ ಖಾಸಗಿ ಸಾಲವೋ ಬೇಕು, ಖಾಸಗಿ ಸಾಲವೆಂದರೆ ಮತ್ತೆ ಅದೇ ಸಹಿಯ ಪ್ರಶ್ನೆ.

ನನ್ನಂಥವರಿಗೆ ಕೊನೆಗೆ ಉಳಿಯುವುದು ಜಾಮೀನಿಲ್ಲದೆ ವಿದೇಶಿ ವಿದ್ಯಾರ್ಥಿಗಳಿಗೆ ಸಾಲ ಕೊಡುವ ಕೆಲವೇ ಸಂಸ್ಥೆಗಳು. ಎಂಪವರ್ ಫೈನಾನ್ಸಿಂಗ್, ಪ್ರಾಡಿಜಿ ಫೈನಾನ್ಸ್ ಎಂಬ ಹೆಸರುಗಳನ್ನು ಇಲ್ಲಿಗೆ ಬರುವ ಬಹಳ ಮಂದಿ ಕೇಳಿರುತ್ತಾರೆ. ಇಂಥವು ನಮ್ಮ ಹಿಂದೆ ಯಾರಿದ್ದಾರೆ ಎನ್ನುವುದಕ್ಕಿಂತ ನಾವು ಮುಂದೆ ಎಷ್ಟು ದುಡಿಯಬಲ್ಲೆವು ಎಂಬುದನ್ನು ಅಳೆಯುತ್ತವೆ: ಯಾವ ವಿಶ್ವವಿದ್ಯಾಲಯ, ಯಾವ ವಿಷಯ, ಪದವಿಗೆ ಇನ್ನೆಷ್ಟು ದಿನ. ಅವರ ಪಟ್ಟಿಯಲ್ಲಿ ನಿಮ್ಮ ಕಾಲೇಜು ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಆದ್ದರಿಂದ ಪ್ರವೇಶ ಒಪ್ಪಿಕೊಳ್ಳುವ ಮೊದಲೇ ಆ ಪಟ್ಟಿಯನ್ನು ನೋಡಿಕೊಳ್ಳಬೇಕು. ನಾನು ನೋಡಿರಲಿಲ್ಲ, ಅದೃಷ್ಟಕ್ಕೆ ನನ್ನದು ಪಟ್ಟಿಯಲ್ಲಿತ್ತು.

ಜಾಮೀನು ಇಲ್ಲದಿರುವುದರ ಬೆಲೆ ಬಡ್ಡಿಯಲ್ಲಿ ಬರುತ್ತದೆ. ಲೆಕ್ಕಕ್ಕೆಂದು 30,000 ಡಾಲರ್ ಸಾಲ, ಶೇ. 12 ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 300 ಡಾಲರ್ ಬಡ್ಡಿ. ಓದು ಮುಗಿಯಲು ಒಂದು ವರ್ಷ, ಅದರ ಮೇಲೆ ಕಂತು ಕಟ್ಟಬೇಕಿಲ್ಲದ ಆರು ತಿಂಗಳ ವಿನಾಯಿತಿ ಅವಧಿ. ಏನನ್ನೂ ಕಟ್ಟದೆ ಕುಳಿತರೆ ಹದಿನೆಂಟು ತಿಂಗಳಿಗೆ 5,400 ಡಾಲರ್ ಬಡ್ಡಿ ಬೆಳೆದು, ಅದು ಅಸಲಿಗೆ ಸೇರಿ, ಮುಂದೆ ಅದರ ಮೇಲೂ ಬಡ್ಡಿ ಹುಟ್ಟುತ್ತದೆ. ಈ ಕಾರಣಕ್ಕೇ ನಾನು ಕ್ಯಾಂಪಸ್ಸಿನ ಗ್ರಂಥಾಲಯದಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಪುಸ್ತಕ ಜೋಡಿಸಿದೆ. ತರಗತಿಗಳು ನಡೆಯುವಾಗ ನಮಗೆ ಅದಕ್ಕಿಂತ ಹೆಚ್ಚು ಹೊತ್ತು ದುಡಿಯಲು ಅನುಮತಿಯಿಲ್ಲ, ಬಂದ ಸಂಬಳದಲ್ಲಿ ಬಡ್ಡಿಯ ಪಾಲನ್ನು ಎತ್ತಿಟ್ಟ ಮೇಲೆಯೇ ದಿನಸಿಯ ಯೋಚನೆ.

ಇಲ್ಲಿಯ ಕಾನೂನಿನ ಒಂದು ಸೌಲಭ್ಯವನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ಖಾಸಗಿ ಶಿಕ್ಷಣ ಸಾಲ ಮಂಜೂರಾದ ಮೇಲೆ ಅದನ್ನು ಒಪ್ಪಿಕೊಳ್ಳಲು ಮೂವತ್ತು ದಿನ ಸಿಗುತ್ತದೆ. ಒಪ್ಪಿ ಅಂತಿಮ ವಿವರಪತ್ರ ಕೈಸೇರಿದ ಮೇಲೂ ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಬಹುದು. ಆ ಮೂವತ್ತು ದಿನಗಳಲ್ಲಿ ಇನ್ನೊಂದು ಕಡೆಯ ದರವನ್ನು ಕೇಳಿ ಹೋಲಿಸಿ ನೋಡಿದೆ. ಬಡ್ಡಿ ಮಾತ್ರವಲ್ಲ, ಆರಂಭದಲ್ಲೇ ಅಸಲಿಗೆ ಸೇರಿಸುವ ಶುಲ್ಕವನ್ನೂ ಹೋಲಿಸಬೇಕು ಎಂಬುದು ನನಗೆ ಹೊಳೆದದ್ದು ಆಗಲೇ.

ಮೊನ್ನೆ ಊರಿನ ಗೆಳೆಯನ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ನೀವು ಅಲ್ಲಿ ಸೆಟ್ಲ್ ಆಗಿದೀರಲ್ಲ, ಒಂದು ಸಹಿ ಹಾಕ್ಕೊಡ್ತೀರಾ?" ಎಂದ. ನನ್ನ ಸಾಲ ತೀರಿದೆ, ಕ್ರೆಡಿಟ್ ಅಂಕವೂ ಚೆನ್ನಾಗಿದೆ. ಆದರೆ ನಾನಿನ್ನೂ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದೇನೆ, ಗ್ರೀನ್ ಕಾರ್ಡ್ ಸರದಿ ಬಂದಿಲ್ಲ. ನನ್ನ ಸಹಿ ಆ ಚೌಕದಲ್ಲಿ ನಡೆಯುವುದಿಲ್ಲ. ಅದನ್ನು ಹೇಳಿ, ಅವನಿಗೆ ಸೀಟು ಸಿಕ್ಕಿರುವ ಮೂರು ಕಾಲೇಜುಗಳ ಹೆಸರು ಬರೆದುಕೊಂಡೆ, ಅವು ಪಟ್ಟಿಯಲ್ಲಿವೆಯೇ ಎಂದು ಮೊದಲು ನೋಡೋಣವೆಂದು.