ಒಂದು ಮೀಟರ್ ಉದ್ದದ ಕೋಶ

ಹುಬ್ಬಳ್ಳಿ, 18 ಫೆಬ್ರವರಿ 2025, ಮಂಗಳವಾರ

ಇಂದು ಬೆಳಿಗ್ಗೆ, ಶವವನ್ನು ಬಿಡಿಸಿ ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ಪೃಷ್ಠದ ದೊಡ್ಡ ಸ್ನಾಯುವನ್ನು ಬಿಡಿಸಿ ಹೊರಳಿಸಿ, ಅದರಡಿಯ ಕೊಬ್ಬನ್ನು ಚಿಮಟದಿಂದ ಚೂರುಚೂರಾಗಿ ತೆಗೆಯುತ್ತ ಹೋದಂತೆ, ಪಿರಿಫಾರ್ಮಿಸ್ ಸ್ನಾಯುವಿನ ಕೆಳ ಅಂಚಿನಲ್ಲಿ ಸಯಾಟಿಕ್ ನರ ಕಾಣಿಸಿತು. ದೇಹದಲ್ಲೆಲ್ಲ ಅತ್ಯಂತ ದಪ್ಪನೆಯ ನರ ಇದೆಂದು ಓದಿದ್ದೆ. ಆದರೂ ಹೆಬ್ಬೆರಳಿನಷ್ಟು ಅಗಲವಾಗಿ, ತುಸು ಚಪ್ಪಟೆಯಾಗಿ, ಮಾಸಲು ಬಿಳಿಯ ಬಣ್ಣದಲ್ಲಿ ತೊಡೆಯ ಹಿಂಭಾಗಕ್ಕೆ ಇಳಿದುಹೋಗುವ ಅದನ್ನು ಬೆರಳಿನಿಂದ ಮುಟ್ಟಿದಾಗ ಗದಗಿನಲ್ಲಿರುವ ನಮ್ಮ ಆಯಿಯ ನೆನಪಾಯಿತು. "ಟೊಂಕದಾಗಿಂದ ಹಿಮ್ಮಡಿತನಕ ಹಗ್ಗ ಹಿಡದ ಜಗ್ಗಿದಂಗ ಆಗತೈತಿ ಯವ್ವಾ" ಎಂದು ಆಕೆ ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾಳೆ. ಆಕೆ ಹೇಳುವ ಹಗ್ಗದ ದಾರಿಯನ್ನು ಇಂದು ಕಣ್ಣಾರೆ ಕಂಡೆ.

ಪೃಷ್ಠಕ್ಕೆ ಚುಚ್ಚುಮದ್ದನ್ನು ಅದರ ಮೇಲಿನ ಹೊರಗಿನ ನಾಲ್ಕನೇ ಒಂದು ಭಾಗದಲ್ಲೇ ಕೊಡಬೇಕೆಂಬ ನಿಯಮವೂ ಈ ನರವನ್ನು ತಪ್ಪಿಸುವುದಕ್ಕಾಗಿಯೇ ಇದೆ.

ಮಧ್ಯಾಹ್ನ, ಅಂಗಾಂಶಗಳ ಸೂಕ್ಷ್ಮ ರಚನೆಯನ್ನು ಕಲಿಸುವ ಹಿಸ್ಟಾಲಜಿ ತರಗತಿಯಲ್ಲಿ ನರದ ಅಡ್ಡ ಸೀಳಿಕೆಯ ಸ್ಲೈಡ್ ಇತ್ತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಹೊದಿಕೆಯೊಳಗೆ ಹೊದಿಕೆ, ಕಂತೆಯೊಳಗೆ ಕಂತೆ. ಪ್ರತಿ ಕಂತೆಯಲ್ಲೂ ಲೆಕ್ಕವಿಲ್ಲದಷ್ಟು ಪುಟ್ಟ ವೃತ್ತಗಳು, ಪ್ರತಿ ವೃತ್ತದ ನಡುವೆ ಗುಲಾಬಿ ಚುಕ್ಕೆಯಾಗಿ ಒಂದು ಆಕ್ಸಾನ್, ಎಂದರೆ ನರಕೋಶದ ಉದ್ದನೆಯ ಎಳೆ, ಅದರ ಸುತ್ತ ಖಾಲಿ ಉಂಗುರ. ಆ ಉಂಗುರವೇ ಆಕ್ಸಾನ್‌ನ ಹೊದಿಕೆಯಾದ ಮೈಲಿನ್ ಇದ್ದ ಜಾಗ. ಸ್ಲೈಡ್ ತಯಾರಿಸುವಾಗ ಅದರ ಕೊಬ್ಬಿನಂಶ ಕರಗಿಹೋಗುತ್ತದೆ. ಈ ಹೊದಿಕೆಯನ್ನು ಸುತ್ತುವುದು ಶ್ವಾನ್ ಕೋಶ. ಪ್ರಾಣಿಗಳ ದೇಹವೆಲ್ಲ ಕೋಶಗಳಿಂದಾದದ್ದೆಂದು 1839ರಲ್ಲಿ ಸಾರಿದ ಥಿಯೋಡೋರ್ ಶ್ವಾನ್‌ನದೇ ಹೆಸರು ಅದಕ್ಕಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

ವೇಳಾಪಟ್ಟಿ ಇವೆರಡನ್ನೂ ಬೇರೆ ಬೇರೆ ಗಂಟೆಗಳಿಗೆ ಹಂಚಿದೆ. ಮುಂಜಾನೆ ಕೈಯಲ್ಲಿ ಹಿಡಿದದ್ದೇ ಮಧ್ಯಾಹ್ನ ಲೆನ್ಸಿನ ಕೆಳಗಿದೆ ಎಂಬುದನ್ನು ನಾವೇ ಜೋಡಿಸಿಕೊಳ್ಳಬೇಕು. ಹಾಗೆ ಜೋಡಿಸಿಕೊಂಡಾಗ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಪಾದದಡಿಯ ಸಣ್ಣ ಸ್ನಾಯುವನ್ನು ಅಲುಗಿಸುವ ನರಕೋಶದ ಒಡಲು ಇರುವುದು ಬೆನ್ನುಹುರಿಯಲ್ಲಿ. ಅಲ್ಲಿಂದ ಪಾದದವರೆಗಿನ ಸುಮಾರು ಒಂದು ಮೀಟರ್ ದೂರವನ್ನು ಕ್ರಮಿಸುವುದು ಕೋಶಗಳ ಸರಪಳಿಯಲ್ಲ, ಆ ಒಂದೇ ಕೋಶದ ಆಕ್ಸಾನ್. ಕೋಶದ ಒಡಲನ್ನು 50 ಮೈಕ್ರೋಮೀಟರ್ ಎಂದಿಟ್ಟುಕೊಂಡರೆ ಆಕ್ಸಾನ್ ಅದರ 20,000 ಪಟ್ಟು ಉದ್ದವಾಗುತ್ತದೆ. ಎಂದರೆ, ಆ ಒಡಲು ಒಂದು ಮೀಟರ್ ಅಗಲದ ನೀರಿನ ಟಾಕಿಯಾಗಿ ಇಲ್ಲಿ ಹುಬ್ಬಳ್ಳಿಯಲ್ಲಿ ಕುಳಿತಿದ್ದರೆ, ಅದರಿಂದ ಹೊರಟ ಪೈಪು ಧಾರವಾಡವನ್ನು ಮುಟ್ಟುತ್ತದೆ.

ಆ ಪೈಪಿನುದ್ದಕ್ಕೂ ಬೇಕಾಗುವ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದು ಒಡಲಿನಲ್ಲೇ. ಕೈನೆಸಿನ್ ಎಂಬ ಪ್ರೋಟೀನು ಆಕ್ಸಾನ್‌ನೊಳಗೆ ಹಳಿಗಳಂತಿರುವ ಸೂಕ್ಷ್ಮನಳಿಕೆಗಳ ಮೇಲೆ ಹೆಜ್ಜೆಯಿಡುತ್ತ ಸರಕನ್ನು ಹೊತ್ತೊಯ್ಯುತ್ತದೆ. ವೇಗದ ಸಾಗಣೆ ದಿನಕ್ಕೆ 200ರಿಂದ 400 ಮಿಲಿಮೀಟರ್ ಆಗಿರುವುದರಿಂದ, ಇಂದು ಬೆನ್ನಿನಿಂದ ಹೊರಟ ಸರಕು ಪಾದವನ್ನು ತಲುಪುವುದು ಶುಕ್ರವಾರವೋ ಭಾನುವಾರವೋ. ಕೋಶದ ಚೌಕಟ್ಟಿನ ಪ್ರೋಟೀನುಗಳು ದಿನಕ್ಕೆ ಒಂದೆರಡು ಮಿಲಿಮೀಟರ್‌ನಷ್ಟೇ ಸಾಗುವುದರಿಂದ ಅವುಗಳ ಪ್ರಯಾಣ ವರ್ಷವನ್ನೂ ಮೀರುತ್ತದೆ. ಪೆಟ್ಟಾದ ನರ ಮತ್ತೆ ಬೆಳೆಯುವಾಗಲೂ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆಯೇ ಮುಂದೆ ಸರಿಯುತ್ತದೆ ಎಂದ ಮೇಲೆ, ಗುಣವಾಗಲು ಏಕೆ ಇಷ್ಟು ತಡ ಎಂದು ಕೇಳುವ ರೋಗಿಗೆ ಈ ಲೆಕ್ಕವನ್ನೇ ಬಿಡಿಸಿ ಹೇಳಬೇಕು.

ಮೇಜಿನ ಮೇಲಿದ್ದ ದೇಹವನ್ನು ದಾನ ಮಾಡಿದ ಹಿರಿಯರ ಹೆಸರು ನಮಗೆ ತಿಳಿದಿಲ್ಲ. ಅವರು ನಡೆದಾಡಿದ ದಿನಗಳಲ್ಲೆಲ್ಲ ಈ ಸಾಗಣೆ ಒಂದು ಕ್ಷಣವೂ ನಿಂತಿರಲಿಲ್ಲ ಎಂದುಕೊಂಡೇ ಸಂಜೆ ರೆಕಾರ್ಡ್ ಬರೆಯಲು ಕುಳಿತೆ. ಗುಲಾಬಿ ಪೆನ್ಸಿಲ್‌ನಿಂದ ಆಕ್ಸಾನುಗಳ ಚುಕ್ಕೆಗಳನ್ನಿಟ್ಟು, ನೇರಳೆಯಿಂದ ಶ್ವಾನ್ ಕೋಶಗಳ ಕೇಂದ್ರಗಳನ್ನು ತುಂಬಿದೆ. ಮೈಲಿನ್‌ನ ಉಂಗುರಗಳನ್ನು ಕಾಗದದ ಬಿಳಿಯಾಗಿಯೇ ಬಿಟ್ಟಿದ್ದೇನೆ.