ನಾಲೆ ಸೀಮೆಯ ಡಿಡಿಟಿ

ಡಿಡಿಟಿ ಎಂಬ ಕೀಟನಾಶಕದ ಹೆಸರೆತ್ತಿದೊಡನೆ ನನ್ನ ವಿದ್ಯಾರ್ಥಿಗಳಿಗೆ ಹೊಳೆಯುವುದು ವಿಷ, ನಿಷೇಧ, ಅದರಿಂದ ತೆಳುವಾದ ಹಕ್ಕಿಮೊಟ್ಟೆಯ ಚಿಪ್ಪು, ಇಷ್ಟೇ. ಮಂಡ್ಯ ಸೀಮೆಯಲ್ಲಿ ಹುಟ್ಟಿ ಬೆಳೆದು ಈಗ ಮೈಸೂರಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಆ ಕಥೆಯನ್ನು ನಿಷೇಧದಿಂದ ಆರಂಭಿಸಲು ಮನಸ್ಸು ಒಪ್ಪುವುದಿಲ್ಲ. ನಮ್ಮ ಕಡೆ ಅದು ಆರಂಭವಾಗುವುದು ಚಳಿಜ್ವರದಿಂದ.

ಕನ್ನಂಬಾಡಿ ಕಟ್ಟೆ ಪೂರ್ಣಗೊಂಡದ್ದು 1932ರಲ್ಲಿ. ಆಗ ಇರ್ವಿನ್ ನಾಲೆ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯ ನೀರು ರಾಗಿ, ಹುರುಳಿ ಬೆಳೆಯುತ್ತಿದ್ದ ಒಣಭೂಮಿಗೆ ಹರಿದಾಗ ಭತ್ತ ಮತ್ತು ಕಬ್ಬು ಬಂದವು. ಅವುಗಳ ಹಿಂದೆಯೇ ಜವುಗು ನೆಲ, ನಿಂತ ನೀರು, ಸೊಳ್ಳೆ ಮತ್ತು ಮಲೇರಿಯಾ ಕೂಡ ಬಂದವು. ಮೈಸೂರು ಸಂಸ್ಥಾನ ಈ ಅಪಾಯವನ್ನು ಅರಿಯದೆ ಇರಲಿಲ್ಲ. 1920ರ ದಶಕದ ಕೊನೆಯ ಹೊತ್ತಿಗೇ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಂದಿಗೆ ನಾಗೇನಹಳ್ಳಿ, ಹಿರಿಯೂರು, ಮೂಡಿಗೆರೆಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳು ಕೆಲಸ ಮಾಡುತ್ತಿದ್ದವು. ಆ ಕಾಲದಲ್ಲಿ ಕೈಯಲ್ಲಿದ್ದ ಉಪಾಯಗಳೆಂದರೆ ಸೊಳ್ಳೆಯ ಮರಿಗಳನ್ನು ತಿನ್ನುವ ಗ್ಯಾಂಬೂಸಿಯಾ ಮೀನು, ಕ್ವಿನೈನ್, ಮತ್ತು ಆರ್ಸೆನಿಕ್ ಬೆರೆತ ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿ. ನಮ್ಮಜ್ಜಿಯ ಮಾತಿನಲ್ಲಿ ಜ್ವರಗಡ್ಡೆ (ಊದಿಕೊಂಡ ಗುಲ್ಮ) ಎಂಬುದು ನೆಗಡಿ, ಕೆಮ್ಮುಗಳಷ್ಟೇ ಸಾಮಾನ್ಯವಾದ ಪದವಾಗಿತ್ತು. ಪದೇ ಪದೇ ಮಲೇರಿಯಾ ಬಂದು ಗುಲ್ಮ ಊದಿಕೊಂಡ ಮಕ್ಕಳು ಹೊಟ್ಟೆ ಮುಂದು ಮಾಡಿಕೊಂಡು ತಿರುಗುತ್ತಿದ್ದುದನ್ನು ಅವರು ಬೇಸರವೂ ಇಲ್ಲದೆ ಹೇಳುತ್ತಿದ್ದರು.

ಡಿಡಿಟಿ ಬಂದದ್ದು ಇಂತಹ ನೆಲಕ್ಕೆ. 1874ರಲ್ಲೇ ಪ್ರಯೋಗಾಲಯದಲ್ಲಿ ತಯಾರಾಗಿದ್ದ ಈ ವಸ್ತು ಕೀಟಗಳನ್ನು ಕೊಲ್ಲುತ್ತದೆ ಎಂಬುದನ್ನು 1939ರಲ್ಲಿ ಕಂಡುಕೊಂಡವರು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್. 1948ರಲ್ಲಿ ಅವರಿಗೆ ನೊಬೆಲ್ ಬಂತು. ಭಾರತದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬುದು ಸರ್ಕಾರಿ ಅಂದಾಜು. 1965ರ ಹೊತ್ತಿಗೆ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಮಲೇರಿಯಾದವರು ಪಂಪು ಹೊತ್ತು ಬಂದು ಒಳಗೋಡೆಗೆ ಬಿಳಿಯ ದ್ರಾವಣ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದುದು ನಮ್ಮ ಹಿರಿಯರಿಗೆಲ್ಲ ನೆನಪಿದೆ. ಅವರಿಂದಾಗಿ ಬದುಕಿದ ಮಕ್ಕಳ ಮಕ್ಕಳು ನಾವು. ಇದನ್ನು ಮೊದಲು ಒಪ್ಪಿಕೊಳ್ಳದೆ ಡಿಡಿಟಿಯ ವಿಷದ ಬಗ್ಗೆ ಮಾತನಾಡುವುದು ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಗೋಡೆಯ ಮೇಲೆ ಡಿಡಿಟಿ ಕೆಲಸ ಮಾಡಿದ್ದು ಅದು ಹಾಳಾಗದೆ ಉಳಿಯುತ್ತಿದ್ದುದರಿಂದ. ರಕ್ತ ಹೀರಿದ ಸೊಳ್ಳೆ ಭಾರವಾಗಿ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಅಲ್ಲಿ ಚದರ ಮೀಟರಿಗೆ 1 ಗ್ರಾಮಿನಷ್ಟು ಡಿಡಿಟಿ ಇದ್ದರೆ ಸಾಕು, ಒಮ್ಮೆ ಹೊಡೆದದ್ದು ತಿಂಗಳುಗಟ್ಟಲೆ ಕೊಲ್ಲುತ್ತಿರುತ್ತದೆ. ಅದರ ಅಣುವಿನಲ್ಲಿ ಬೆಂಜೀನ್ ಉಂಗುರಗಳಿಗೆ ಮತ್ತು ಅವುಗಳನ್ನು ಜೋಡಿಸುವ ಇಂಗಾಲದ ಪಕ್ಕದ ಇಂಗಾಲಕ್ಕೆ ಅಂಟಿಕೊಂಡಿರುವ ಐದು ಕ್ಲೋರಿನ್ ಪರಮಾಣುಗಳನ್ನು ಬಿಡಿಸುವುದು ಬಿಸಿಲಿಗಾಗಲಿ, ನೀರಿಗಾಗಲಿ, ಬಹುಪಾಲು ಸೂಕ್ಷ್ಮಜೀವಿಗಳಿಗಾಗಲಿ ಸುಲಭವಲ್ಲ. ಮೇಲಾಗಿ ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಮೂತ್ರದಲ್ಲಿ ಹೊರಹೋಗಲಾರದ್ದು ಮೈಯ ಕೊಬ್ಬಿನಲ್ಲಿ ನೆಲೆ ನಿಲ್ಲುತ್ತದೆ, ಮತ್ತು ತಾಯಿಯ ದೇಹದಿಂದ ಅದು ಹೊರಬರುವ ಮುಖ್ಯ ದಾರಿಗಳಲ್ಲಿ ಒಂದು ಎದೆಹಾಲು. ಗೋಡೆಯ ಮೇಲೆ ಗುಣವಾಗಿದ್ದ ಬಾಳಿಕೆಯೇ ಮೈಯೊಳಗೆ ದೋಷವಾಗುತ್ತದೆ. ಆ ಎರಡನ್ನೂ ಬೇರ್ಪಡಿಸುವ ವಿಧಾನ ರಸಾಯನಶಾಸ್ತ್ರದಲ್ಲಿ ಇಲ್ಲ.

ಗೋಡೆಗೆ ಸೀಮಿತವಾಗಿದ್ದರೆ ಹಾನಿಯೂ ಸೀಮಿತವಾಗಿರುತ್ತಿತ್ತೋ ಏನೋ. ಆದರೆ ಅದೇ ಡಿಡಿಟಿ ಹೊಲಕ್ಕೂ ಇಳಿಯಿತು. ನಮ್ಮ ದೇಶದ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಯಾದ ಅನಾಫಿಲಿಸ್ ಕ್ಯುಲಿಸಿಫೇಸಿಸ್ 1950ರ ದಶಕದ ಕೊನೆಗೇ ಡಿಡಿಟಿಗೆ ಬಗ್ಗದಿರುವುದನ್ನು ಕಲಿಯತೊಡಗಿತ್ತು. ಹೊಲದಲ್ಲಿ ಎರಚಿದ ಕೀಟನಾಶಕ ನಾಲೆ, ಗದ್ದೆಗಳ ನೀರಿನಲ್ಲಿದ್ದ ಸೊಳ್ಳೆಮರಿಗಳಿಗೂ ತಗಲಿ ಈ ನಿರೋಧವನ್ನು ಇನ್ನಷ್ಟು ಬೆಳೆಸಿತು. 1976ರಲ್ಲಿ ದೇಶದ ಮಲೇರಿಯಾ ಪ್ರಕರಣಗಳು ಮತ್ತೆ 64 ಲಕ್ಷಕ್ಕೆ ಏರಿದ್ದಕ್ಕೆ ಆಡಳಿತದ ಸಡಿಲಿಕೆಯ ಜೊತೆಗೆ ಇದೂ ಒಂದು ಕಾರಣ. ಮನುಷ್ಯರ ಜೀವ ಉಳಿಸಬೇಕಾದ ಅಸ್ತ್ರವನ್ನು ಬೆಳೆಯ ಹುಳುವಿನ ಮೇಲೆ ಖರ್ಚು ಮಾಡಿಬಿಟ್ಟೆವು ಎಂಬುದು ಈ ಇತಿಹಾಸದಲ್ಲಿ ನನಗೆ ಅತ್ಯಂತ ನೋವು ಕೊಡುವ ಸಂಗತಿ. ಕೃಷಿಯಲ್ಲಿ ಡಿಡಿಟಿಯ ಬಳಕೆಯನ್ನು ಭಾರತ ನಿಲ್ಲಿಸಿದ್ದು 1989ರಲ್ಲಿ.

ಆದರೂ ನಮ್ಮ ಗದ್ದೆಗಳ ಮಟ್ಟಿಗೆ ಡಿಡಿಟಿಗಿಂತ ದೊಡ್ಡ ಹೆಸರು ಬಿಎಚ್‌ಸಿ ಎಂಬ ಇನ್ನೊಂದು ಕೀಟನಾಶಕ ಪುಡಿಯದು. ಕೆಲವರು ಅದನ್ನು ಗಮಾಕ್ಸಿನ್ ಎಂದೂ ಕರೆಯುತ್ತಿದ್ದರು. ಅಗ್ಗವಾಗಿತ್ತು, ಪಂಪು ಬೇಕಿರಲಿಲ್ಲ. ಬಟ್ಟೆಯಲ್ಲಿ ಕಟ್ಟಿಕೊಂಡು ಭತ್ತದ ಪೈರಿನ ಮೇಲೆ ಕೊಡವಿದರೆ ಆಯಿತು. ಇರುವೆ ಗೂಡಿಗೆ, ಕೊಟ್ಟಿಗೆಯ ಮೂಲೆಗೆ, ಎಷ್ಟೋ ಕಡೆ ಕಾಳಿನ ಮೂಟೆಗಳ ಸುತ್ತಲೂ ಅದನ್ನೇ ಉದುರಿಸುತ್ತಿದ್ದರು. ಈ ಪುಡಿಯ ವಿಚಾರದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಅದನ್ನು ತಯಾರಿಸಲು ಬೆಂಜೀನಿಗೆ ಕ್ಲೋರಿನ್ ಸೇರಿಸಿದಾಗ ಒಂದೇ ಸೂತ್ರದ, ಬೇರೆ ಬೇರೆ ಆಕಾರದ ಹಲವು ರೂಪಗಳು ಒಟ್ಟಿಗೇ ಹುಟ್ಟುತ್ತವೆ. ಅವುಗಳಲ್ಲಿ ಕೀಟವನ್ನು ಕೊಲ್ಲುವ ಶಕ್ತಿಯಿರುವುದು ಮುಖ್ಯವಾಗಿ ಗಾಮಾ ರೂಪಕ್ಕೆ ಮಾತ್ರ. ಅದರ ಪಾಲು ನೂರಕ್ಕೆ 10ರಿಂದ 15. ಉಳಿದ ಸುಮಾರು 85 ಭಾಗ ರೈತನಿಗೆ ಯಾವ ಉಪಯೋಗಕ್ಕೂ ಬಾರದ, ಆದರೆ ಮಣ್ಣಿಗೂ ಮೈಗೂ ಸೇರುವ ಕಸ. ಅದರಲ್ಲೂ ಬೀಟಾ ರೂಪ ಅತ್ಯಂತ ಗಟ್ಟಿ. ಮನುಷ್ಯನ ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಏಳು ವರ್ಷ ಬೇಕು. 1997ರಲ್ಲಿ ಬಿಎಚ್‌ಸಿ ನಿಷೇಧವಾಗುವವರೆಗೂ ದಶಕಗಟ್ಟಲೆ ನಮ್ಮ ರೈತರು ದುಡ್ಡು ಕೊಟ್ಟು ಈ ಕಸವನ್ನು ಗದ್ದೆಗೆ ಹೊತ್ತಿದ್ದಾರೆ. ಶುದ್ಧ ಗಾಮಾ ರೂಪವಾದ ಲಿಂಡೇನ್ ಇನ್ನೂ ಹಲವು ವರ್ಷ ಮಾರುಕಟ್ಟೆಯಲ್ಲಿತ್ತು; ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ತೀರ್ಮಾನಿಸಿತು.

ಹಾಗಾದರೆ ಅಷ್ಟೆಲ್ಲ ಪುಡಿ ಈಗ ನಮ್ಮ ಮಣ್ಣಿನಲ್ಲೇ ಇರಬೇಕಲ್ಲವೇ ಎಂದು ಊರಿನ ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು. ಬಹುಪಾಲು ಇಲ್ಲ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಆಲ್ಫಾ, ಗಾಮಾ ರೂಪಗಳ ಕ್ಲೋರಿನನ್ನು ಕಿತ್ತು ಅವನ್ನು ಒಡೆಯುತ್ತವೆ. ಇಂತಹ ಸೂಕ್ಷ್ಮಜೀವಿಗಳ ಬಗ್ಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲೂ ಸಂಶೋಧನೆ ನಡೆದಿದೆ. ಇನ್ನೊಂದು ದಾರಿ ಗಾಳಿಯದು. ತಮಿಳುನಾಡಿನ ವೆಳ್ಳಾರ್ ನದಿಯ ಬಯಲಿನ ಭತ್ತದ ಗದ್ದೆಗಳಿಗೆ ಹಾಕಿದ ಈ ಪುಡಿ ಎಲ್ಲಿಗೆ ಹೋಗುತ್ತದೆಂದು ಜಪಾನ್ ಮತ್ತು ಭಾರತದ ವಿಜ್ಞಾನಿಗಳು ಲೆಕ್ಕ ಹಾಕಿ 1991ರಲ್ಲಿ ಪ್ರಕಟಿಸಿದಾಗ, ನದಿಯ ಮೂಲಕ ಸಮುದ್ರ ಸೇರುವುದು ತೀರಾ ಅಲ್ಪ, ಹೆಚ್ಚುಕಡಿಮೆ ಎಲ್ಲವೂ ನಮ್ಮ ಬಿಸಿಲಿಗೆ ಆವಿಯಾಗಿ ಗಾಳಿಗೆ ಸೇರುತ್ತದೆ ಎಂದು ತಿಳಿಯಿತು. ಕಾವೇರಿ ಬಯಲಿನ ನಮ್ಮ ಗದ್ದೆಗಳ ಬಿಸಿಲೂ ಅಂಥದ್ದೇ. ಗಾಳಿಗೆ ಏರಿದ್ದು ತಣ್ಣಗಿನ ಕಡೆಗೆ ಸಾಗುತ್ತಾ, ಇಳಿಯುತ್ತಾ, ಮತ್ತೆ ಏರುತ್ತಾ ಕೊನೆಗೆ ಉತ್ತರಧ್ರುವದ ಹಿಮದಲ್ಲಿ ಸಾಂದ್ರವಾಗುತ್ತದೆ. ಕೃಷಿಯೇ ಇಲ್ಲದ ಆ ನಾಡಿನಲ್ಲಿ ಸೀಲ್, ತಿಮಿಂಗಿಲಗಳ ಕೊಬ್ಬನ್ನು ತಿಂದು ಬದುಕುವ ಇನುಯಿಟ್ ತಾಯಂದಿರ ಎದೆಹಾಲಿನಲ್ಲಿ, ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ಪಿಸಿಬಿ ಎಂಬ ಇದೇ ಬಳಗದ ವಸ್ತು ದಕ್ಷಿಣ ಕೆನಡಾದ ತಾಯಂದಿರಿಗಿಂತ ಹಲವು ಪಟ್ಟು ಹೆಚ್ಚಿರುವುದು 1980ರ ದಶಕದಲ್ಲಿ ಪತ್ತೆಯಾಯಿತು. ನಮ್ಮ ಮಣ್ಣು ಬೇಗ ಹಗುರವಾಯಿತು ಎಂಬುದನ್ನು ಸಮಾಧಾನದ ಸುದ್ದಿಯೆಂದು ಆ ಹಿರಿಯರಿಗೆ ಹೇಳಲು ನನಗೆ ಆಗಲಿಲ್ಲ.

ನೀರಿನಲ್ಲಿ ಉಳಿದ ಅತ್ಯಲ್ಪವೂ ಅಲ್ಪವಾಗಿಯೇ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ ಕಚ್ಚದ ಒಂದು ಬಗೆಯ ನುಸಿಯನ್ನು ಕೊಲ್ಲಲೆಂದು 1949, 1954 ಮತ್ತು 1957ರಲ್ಲಿ ಡಿಡಿಟಿಯ ಸಮೀಪದ ಬಂಧುವಾದ ಡಿಡಿಡಿಯನ್ನು ಬೆರೆಸಿದರು. ನೀರಿನಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ 0.02 ಭಾಗ ಮಾತ್ರ. ನೀರಿನಿಂದ ಪಾಚಿಗೆ, ಅಲ್ಲಿಂದ ಸಣ್ಣ ಮೀನಿಗೆ, ದೊಡ್ಡ ಮೀನಿಗೆ ಏರುತ್ತಾ ಹೋಗಿ, ಸತ್ತು ಬಿದ್ದ ಗುಳುಮುಳುಕ ಜಾತಿಯ ಹಕ್ಕಿಗಳ ಕೊಬ್ಬಿನಲ್ಲಿ ಅದು 1600 ಭಾಗದಷ್ಟಾಗಿತ್ತು. ಈ ಪಾಠವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನ ಮನಸ್ಸು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗುತ್ತದೆ. ಊರ ನಡುವಿನ ಹುಣಸೆ, ಆಲದ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಅಲ್ಲಿನವರು ನೋಡಿಕೊಳ್ಳುತ್ತಾರೆ. ಸುತ್ತಲಿನ ಕೆರೆ, ಹೊಳೆಗಳ ಮೀನೇ ಅವುಗಳ ಆಹಾರ. ಅಂದರೆ ನಮ್ಮ ಗದ್ದೆಯಿಂದ ಬಸಿದದ್ದರ ಕೊನೆಯ ಮೆಟ್ಟಿಲಲ್ಲಿ ಕೂತಿರುವುದು ಅವೇ. ಕೆಲವು ವರ್ಷಗಳ ಹಿಂದೆ ಅಲ್ಲಿ ಹೆಜ್ಜಾರ್ಲೆಗಳು ಸಾಲುಸಾಲಾಗಿ ಸತ್ತಾಗ ಕೀಟನಾಶಕವೇ ಕಾರಣವೆಂದು ಹಲವರು ಹೇಳಿದರು. ಪರೀಕ್ಷೆಯಲ್ಲಿ ಕಂಡದ್ದು ಮೀನಿನ ಮೂಲಕ ಬಂದ ದುಂಡುಹುಳುಗಳ ಬಾಧೆ. ಪ್ರತಿಯೊಂದು ಸಾವನ್ನೂ ರಾಸಾಯನಿಕದ ತಲೆಗೆ ಕಟ್ಟುವುದರಿಂದ ನಿಜವಾದ ಅಪಾಯದ ಬಗೆಗಿನ ಮಾತಿಗೂ ಬೆಲೆ ಕಡಿಮೆಯಾಗುತ್ತದೆ, ಆದ್ದರಿಂದ ಇದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಬಿಎಚ್‌ಸಿ ಹೋದ ಮೇಲೂ ಎಂಡೋಸಲ್ಫಾನ್ ಉಳಿದಿತ್ತು. ಕಾಸರಗೋಡಿನಲ್ಲೂ ನಮ್ಮದೇ ದಕ್ಷಿಣ ಕನ್ನಡದಲ್ಲೂ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷದ ಕಥೆಯನ್ನು, ಕೊಕ್ಕಡ, ಪಟ್ರಮೆಯ ಕಡೆಯ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳ ಸ್ಥಿತಿಯನ್ನು ಕನ್ನಡದ ಓದುಗರಿಗೆ ಮತ್ತೆ ವಿವರಿಸಬೇಕಿಲ್ಲ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಮಂಡ್ಯದ ಅಂಗಡಿಗಳಲ್ಲೂ ಅದು ಸಲೀಸಾಗಿ ಸಿಗುತ್ತಿತ್ತು.

ಇವೆಲ್ಲ ಮನುಷ್ಯ ಬೇಕೆಂದೇ ತಯಾರಿಸಿದವು. ಯಾರೂ ಬೇಕೆಂದು ತಯಾರಿಸದ, ಆದರೆ ಇವತ್ತಿಗೂ ನಮ್ಮ ನಡುವೆ ಹುಟ್ಟುತ್ತಿರುವ ವಸ್ತು ಡಯಾಕ್ಸಿನ್. ಕ್ಲೋರಿನ್ ಇರುವ ಕಸ, ಮುಖ್ಯವಾಗಿ ಪಿವಿಸಿ ಪ್ಲಾಸ್ಟಿಕ್, ಅರೆಬರೆ ಉರಿದು ಹೊಗೆಯಾಡುವಾಗ ಅದು ಉಂಟಾಗುತ್ತದೆ. 850 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಶಾಖದಲ್ಲಿ ಅದು ನಾಶವಾಗುತ್ತದೆ, ಆದರೆ ಬೀದಿಬದಿಯ ಕಸದ ಬೆಂಕಿಗೆ, ಮೈಸೂರಿನ ಸೂಯೇಜ್ ಫಾರಂನಂತಹ ಕಸದ ಗುಡ್ಡಗಳಲ್ಲಿ ಹೊತ್ತಿಕೊಳ್ಳುವ ಬೆಂಕಿಗೆ ಅಂತಹ ಹದವಾದ ಶಾಖ ಎಲ್ಲಿಂದ ಬರಬೇಕು? ಹೊಗೆಯನ್ನು ಉಸಿರಾಡುವುದಕ್ಕಿಂತಲೂ ದೊಡ್ಡ ದಾರಿ ಆಹಾರದ್ದು: ಮನುಷ್ಯರಿಗೆ ತಗಲುವ ಡಯಾಕ್ಸಿನ್ನಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಬರುವುದು ಮಾಂಸ, ಹಾಲು, ಮೀನುಗಳ ಕೊಬ್ಬಿನ ಮೂಲಕ. ಹೊಗೆಯ ಮಸಿ ಹುಲ್ಲಿನ ಮೇಲೆ ಕೂತು, ಹುಲ್ಲು ಹಸುವಿಗೆ ಹೋಗಿ, ಹಾಲಾಗಿ ಮನೆಗೆ ಬರುತ್ತದೆ.

ಮಂಡ್ಯದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಆಲೆಮನೆಯ ಒಲೆಗೆ ಹಾಕಬೇಕಾದದ್ದು ಕಬ್ಬು ಹಿಂಡಿ ಉಳಿದ ರಚ್ಚು. ಮಳೆಗಾಲದಲ್ಲಿ ರಚ್ಚು ಒಣಗುವುದಿಲ್ಲ, ಒಲೆ ಹಳೆಯದಾದರೆ ಇದ್ದ ರಚ್ಚೂ ಸಾಲದು. ಆಗ ಕೆಲವು ಕಡೆ ಹಳೆಯ ಟೈರು, ಪ್ಲಾಸ್ಟಿಕ್ ತ್ಯಾಜ್ಯ ಒಲೆ ಸೇರುತ್ತವೆ. ಸುತ್ತಮುತ್ತಲ ಊರಿನವರು ಕಪ್ಪು ಹೊಗೆಯ ಬಗ್ಗೆ ದೂರು ಕೊಡುತ್ತಾರೆ, ಅಧಿಕಾರಿಗಳು ಬಂದು ದಂಡ ಹಾಕುತ್ತಾರೆ, ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ. ಬೆಲ್ಲದ ಬೆಲೆ ಬಿದ್ದಾಗ ಸೌದೆಗೂ ದುಡ್ಡಿಲ್ಲದ ಆಲೆಮನೆಯವರನ್ನು ದಂಡದಿಂದ ಮಾತ್ರ ತಿದ್ದಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ. ರಚ್ಚನ್ನು ಕಡಿಮೆ ಬೇಡುವ ಸುಧಾರಿತ ಒಲೆಗಳಿವೆ, ಬೆಲ್ಲದ ತಯಾರಿಕೆಯ ಬಗ್ಗೆಯೂ ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ನಮ್ಮ ಜಿಲ್ಲೆಯಲ್ಲೇ ಇದೆ. ಆ ಒಲೆ ಕಟ್ಟಿಕೊಳ್ಳಲು, ಮಳೆಗಾಲಕ್ಕೆ ರಚ್ಚು ಒಣಗಿಸಿಡುವ ಚಪ್ಪರ ಹಾಕಿಕೊಳ್ಳಲು ಸಹಾಯಧನ ಕೊಟ್ಟರೆ ಟೈರಿನ ಲಾರಿಗೆ ಕೆಲಸವೇ ಇರುವುದಿಲ್ಲ. ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಬಿಎಚ್‌ಸಿ, ಎಂಡೋಸಲ್ಫಾನಿನ ತುಕ್ಕು ಹಿಡಿದ ಡಬ್ಬಗಳು ಸಿಗುತ್ತವೆ. ಸಿಕ್ಕರೆ ಸುಡಬೇಡಿ, ನಾಲೆಗೆ ಎಸೆಯಬೇಡಿ, ಹಿತ್ತಲಿನಲ್ಲಿ ಹೂಳಬೇಡಿ. ಮುಚ್ಚಳ ಬಿಗಿಮಾಡಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ತಿಳಿಸಿ. ಇಂತಹ ಡಬ್ಬಗಳನ್ನು ಹೋಬಳಿ ಮಟ್ಟದಲ್ಲಿ ಸಂಗ್ರಹಿಸಿ ಸರಿಯಾದ ಶಾಖದ ಕುಲುಮೆಗೆ ಕಳಿಸುವ ವ್ಯವಸ್ಥೆಯನ್ನು ಕೃಷಿ ಇಲಾಖೆ ಮಾಡಬೇಕೆಂದು ನಾವು ಕೆಲವರು ಸೇರಿ ಮನವಿ ಬರೆಯುತ್ತಿದ್ದೇವೆ. ಸಹಿ ಹಾಕಲು ಬಯಸುವವರು ದಯವಿಟ್ಟು ಜೊತೆಗೂಡಿ.