ಅಕ್ಷರ ಕುಗ್ಗಿಸುವ ಮೊದಲು ಅದರ ಗುರುತು ಎಲ್ಲಿದೆ ನೋಡಿ

ನನ್ನ ಕೆಲಸ ಲೇಬಲ್, ಕೈಪಿಡಿಗಳ ಪುಟ ವಿನ್ಯಾಸ. ಬೆಂಗಳೂರಲ್ಲಿ ಕೂತು ಹೀಬ್ರೂ, ಅರಬ್ಬಿ, ಕನ್ನಡ, ತಮಿಳು, ಯಾವುದು ಬಂದರೂ ಕೂರಿಸಬೇಕು. ಗ್ರಾಹಕರದ್ದು ಸದಾ ಒಂದೇ ಮಾತು: "ಎರಡು ಭಾಷೆ ಇದೆ, ಜಾಗ ಕಮ್ಮಿ, ಸ್ವಲ್ಪ ಕುಗ್ಗಿಸಿ."

ಕುಗ್ಗಿಸಬಹುದು. ಆದರೆ ಎಲ್ಲಿ? ಇದನ್ನು ನನಗೆ ಸರಿಯಾಗಿ ಕಲಿಸಿದ್ದು ಇಸ್ರೇಲಿನ ಹೈಫಾ ಊರಿನ ಅಕ್ಷರ ವಿನ್ಯಾಸಕಿ ಲಿರೋನ್ ಲವಿ ತುರ್ಕೆನಿಚ್ ಕಟ್ಟಿದ 'ಅರವ್ರಿತ್' ಲಿಪಿ. ಹೈಫಾದ ಬೋರ್ಡುಗಳಲ್ಲಿ ಹೀಬ್ರೂ, ಅರಬ್ಬಿ, ಇಂಗ್ಲಿಷ್ ಮೂರೂ ಇರುತ್ತವೆ. ಜನ ತಮ್ಮದನ್ನು ಓದಿ ಮುಂದೆ ಹೋಗುತ್ತಾರೆ, ಪಕ್ಕದ್ದು ಕಣ್ಣಿಗೇ ಬೀಳಲ್ಲ. ಈಕೆ ಹೀಬ್ರೂ, ಅರಬ್ಬಿ ಎರಡನ್ನೂ ಒಂದೇ ಅಕ್ಷರಕ್ಕೆ ತಂದರು. ಮೇಲರ್ಧ ಅರಬ್ಬಿ, ಕೆಳಗರ್ಧ ಹೀಬ್ರೂ. ಒಂದೇ ಅರ್ಥದ ಎರಡು ಪದ ಒಂದರ ಮೇಲೊಂದು ಬೆಸೆದು ನಿಲ್ಲುತ್ತವೆ. ಎರಡೂ ಬಲದಿಂದ ಎಡಕ್ಕೆ ಓಡುವ ಲಿಪಿಗಳಾದ್ದರಿಂದ ಅಷ್ಟು ಅನುಕೂಲ.

ಮೇಲೆ ಅರಬ್ಬಿಯೇ ಯಾಕೆ? ಲ್ಯಾಟಿನ್ ಲಿಪಿಯ, ಅಂದರೆ ಇಂಗ್ಲಿಷ್ ಬರೆಯುವ ಅಕ್ಷರಗಳ, ಸಾಲಿನ ಕೆಳಭಾಗ ಮುಚ್ಚಿದರೂ ಓದಬಹುದು ಅಂತ 19ನೇ ಶತಮಾನದಲ್ಲೇ ಫ್ರಾನ್ಸಿನ ಕಣ್ಣಿನ ವೈದ್ಯ ಎಮಿಲ್ ಜವಾಲ್ ಹೇಳಿದ್ದರು. ತುರ್ಕೆನಿಚ್ ಅದನ್ನೇ ತಮ್ಮ ಎರಡು ಲಿಪಿಗಳ ಮೇಲೆ ಪರೀಕ್ಷಿಸಿದರು. ಅರಬ್ಬಿಗೆ ಮೇಲರ್ಧ ಸಾಕು, ಹೀಬ್ರೂಗೆ ಕೆಳಗರ್ಧ ಸಾಕು ಅಂತ ಕಂಡಿತು. ಅರಬ್ಬಿಯ 29 ಅಕ್ಷರ, ಹೀಬ್ರೂವಿನ 22: ಒಟ್ಟು 638 ಜೋಡಿ.

ಸುಮ್ನೆ ಕತ್ತರಿ ಹಾಕಿ ಅಂಟಿಸಿದರೆ ಆಗುತ್ತಿರಲಿಲ್ಲ. 'ಮನೆ' ಎನ್ನುವ ಪದವನ್ನೇ ನೋಡಿ, ಅರಬ್ಬಿಯಲ್ಲಿ ಬಾ, ಯಾ, ತಾ ಮೂರೇ ಅಕ್ಷರ. ಬಾಗೆ ಕೆಳಗೊಂದು ಚುಕ್ಕಿ, ಯಾಗೆ ಕೆಳಗೆರಡು, ತಾಗೆ ಮೇಲೆರಡು. ಪದದ ನಡುವೆ ಇವು ಮೂರರ ದೇಹವೂ ಹಲ್ಲಿನಂಥ ಒಂದೇ ಸಣ್ಣ ಗೀಟು, ಕೆಳಗಿನ ಚುಕ್ಕಿ ಕತ್ತರಿಸಿದರೆ ಬಾ ಯಾವುದು, ಯಾ ಯಾವುದು ಗೊತ್ತಾಗಲ್ಲ. ಹೀಬ್ರೂವಿನ ದಾಲೆತ್ ಮತ್ತು ರೇಶ್ ಅಕ್ಷರಗಳ ನಡುವಿನ ವ್ಯತ್ಯಾಸ ಮೇಲಿನ ಬಲಮೂಲೆಯಲ್ಲೇ ಇದೆ, ಕೆಳಗೆ ಅವು ಅವಳಿ. ಅಂದರೆ ಅರ್ಧ ಅನ್ನೋದು ಅಳತೆಪಟ್ಟಿಯ ಅರ್ಧವಲ್ಲ. ಜೋಡಿ ಜೋಡಿಯಾಗಿ ಕೂತು ಬಿಡಿಸಬೇಕು. ಇದು ನನಗೆ ತುಂಬಾ ಇಷ್ಟವಾದ ಕೆಲಸ. ಬೋರ್ಡಿನಿಂದ ಆ ಊರಿನ ಯಹೂದಿ-ಅರಬ್ ಜಗಳ ನಿಲ್ಲುತ್ತೆ ಅಂತ ನಾನು ನಂಬಲ್ಲ, ಆದರೆ ಕುಶಲತೆಗೆ ಸಲಾಂ.

ಹೀಬ್ರೂ-ಅರಬ್ಬಿ ನಂಟು ಹೊಸದೂ ಅಲ್ಲ. 12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. ಭಾಷೆ ಅರಬ್ಬಿ, ಅಕ್ಷರ ಹೀಬ್ರೂ. ಹೀಬ್ರೂವಿನಲ್ಲಿ ಇಲ್ಲದ ಅರಬ್ಬಿ ಉಚ್ಚಾರಗಳಿಗೆ ಅಕ್ಷರದ ಮೇಲೆ ಚುಕ್ಕಿ ಇಡುವ ರೂಢಿ ಆಗಿನ ಯಹೂದಿ ಬರಹಗಾರರಲ್ಲಿತ್ತು. ಅಲ್ಲೂ ಚುಕ್ಕಿ ಹೋದರೆ ಪದವೇ ಕೆಟ್ಟಿತು.

ಈಗ ಯಾವ ಲಿಪಿ ಬಂದರೂ ಮೊದಲು ಒಂದು ಕಾಗದದ ಪಟ್ಟಿ ಇಟ್ಟು ಮೇಲೆ ಒಮ್ಮೆ, ಕೆಳಗೆ ಒಮ್ಮೆ ಮುಚ್ಚಿ ನೋಡುತ್ತೇನೆ. ಕನ್ನಡದ್ದು ಕಷ್ಟದ ಕೇಸು. ಗುಡಿಸು, ಏತ್ವ ಮೇಲೆ. ಒತ್ತಕ್ಷರ ಕೆಳಗೆ. ದ, ಧ ಬೇರೆ ಮಾಡುವ ಸಣ್ಣ ಗೀಟೂ ಕೆಳಗೇ. ಎರಡೂ ತುದಿ ಮುಟ್ಟುವ ಹಾಗಿಲ್ಲ. ಹಾಗಾಗಿ ಕನ್ನಡಕ್ಕೆ ಸಾಲಿನ ನಡುವೆ ಜಾಸ್ತಿ ಜಾಗ ಬಿಟ್ಟು, ಅಗಲದಲ್ಲಿ ಸ್ವಲ್ಪ ಉಳಿಸುತ್ತೇನೆ.

ಒಪ್ಪದ ಗ್ರಾಹಕರಿಗೆ ಅವರದೇ ಲೇಬಲ್ಲನ್ನು ಕೆಳಗೆ ಮುಚ್ಚಿ ಕಳಿಸುತ್ತೇನೆ. 'ಅಕ್ಕಿ ಹಿಟ್ಟು' ಹೋಗಿ 'ಅಕಿ ಹಿಟು' ಆದದ್ದು ಕಂಡ ಮೇಲೆ ಲೋಗೋ ಚಿಕ್ಕದು ಮಾಡೋಣ ಅಂತಾರೆ. ಎಲ್ಲರೂ ಅಲ್ಲ, ಜಾಸ್ತಿ ಜನ.